ಟಿಕಿಂಟರ್‌ನಲ್ಲಿ ಯಾವ ಬಟನ್ ಒತ್ತಿದರೂ ಕಾಫಿಯೇ ಏಕೆ ಬರುತ್ತದೆ?

ಜಯನಗರದ ದರ್ಶಿನಿಯೊಂದರ ಬಿಲ್ಲಿಂಗ್‌ಗೆ ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿಯಾದ ಟಿಕಿಂಟರ್‌ನಲ್ಲಿ ಫಾರ್ಮ್ ಬರೆದಿದ್ದೀರಿ. ಇಡ್ಲಿ, ವಡೆ, ಕಾಫಿ ಎಂಬ ಪಟ್ಟಿಯ ಮೇಲೆ ‘ತಿಂಡಿ’ ಎಂಬ ವೇರಿಯಬಲ್‌ನಿಂದ ಲೂಪ್ ಓಡಿಸಿ ಮೂರು ಬಟನ್ ಮಾಡಿದ್ದೀರಿ. ಯಾವುದನ್ನು ಒತ್ತಿದರೂ ಬಿಲ್ಲಿಗೆ ಕಾಫಿಯೇ ಬೀಳುತ್ತಿದೆ.

ತಪ್ಪು ಬಟನ್‌ನದಲ್ಲ, ನೀವು ಕಮಾಂಡ್‌ಗೆ (ಬಟನ್ ಒತ್ತಿದಾಗ ಏನು ಓಡಬೇಕೆಂದು ಹೇಳುವ ಜಾಗ) ಕೊಟ್ಟ ಲ್ಯಾಂಬ್ಡಾದ್ದು, ಅಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್‌ನದ್ದು. ಅದು ವೇರಿಯಬಲ್‌ನ ಹೆಸರನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ, ಮೌಲ್ಯವನ್ನಲ್ಲ. ಗಿರಾಕಿ ಬರುವ ಹೊತ್ತಿಗೆ ಲೂಪ್ ಮುಗಿದು ಆ ಹೆಸರಿನಲ್ಲಿ ಪಟ್ಟಿಯ ಕೊನೆಯ ಐಟಂ ಕುಳಿತಿರುತ್ತದೆ. ಲ್ಯಾಂಬ್ಡಾದ ಕೋಲನ್‌ಗೆ ಮೊದಲು ‘ತಿಂಡಿ=ತಿಂಡಿ’ ಎಂದು ಸೇರಿಸಿ (ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳೂ ನಡೆಯುತ್ತವೆ). ಹೀಗೆ ಕೊಟ್ಟ ಡೀಫಾಲ್ಟ್ ಮೌಲ್ಯ ಲ್ಯಾಂಬ್ಡಾ ಹುಟ್ಟಿದ ಕ್ಷಣದಲ್ಲೇ ನಿಗದಿಯಾಗುವುದರಿಂದ ವಡೆ ವಡೆಯಾಗಿಯೇ ಉಳಿಯುತ್ತದೆ.

ಕಮಾಂಡ್ ಬದಲು, ಕ್ಲಿಕ್‌ನಂಥ ಘಟನೆಗೆ ಫಂಕ್ಷನ್ ಜೋಡಿಸುವ ಬೈಂಡ್ ಬಳಸಿದರೆ ಮಾತ್ರ ಜೋಕೆ. ಅದು ಇವೆಂಟ್ ಆಬ್ಜೆಕ್ಟ್ (ಆ ಘಟನೆಯ ವಿವರ) ಅನ್ನು ಮೊದಲ ಆರ್ಗ್ಯುಮೆಂಟ್ ಆಗಿ ಕಳಿಸುತ್ತದೆ. ತಿಂಡಿಯ ಜಾಗದಲ್ಲಿ ಅದೇ ಬಂದು ಕೂರುತ್ತದೆ! ಅಲ್ಲಿ ‘ಇವೆಂಟ್, ತಿಂಡಿ=ತಿಂಡಿ’ ಎಂದು ಬರೆಯಬೇಕು.

ಲ್ಯಾಂಬ್ಡಾದ ತಂಟೆಯೇ ಬೇಡವೆಂದು ಕಮಾಂಡ್‌ಗೆ ಬಿಲ್ಲಿಗೆ ಸೇರಿಸುವ ಫಂಕ್ಷನ್ ಅನ್ನು ನೇರವಾಗಿ ‘ಸೇರಿಸು(ತಿಂಡಿ)’ ಎಂದು ಕೊಡಬೇಡಿ. ಅದು ಬಟನ್ ಮಾಡುವಾಗಲೇ ಓಡಿಬಿಡುವುದರಿಂದ ಕಿಟಕಿ ತೆರೆಯುವ ಮೊದಲೇ ಮೂರೂ ಬಿಲ್ಲಾಗಿರುತ್ತವೆ, ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.