ಪ್ರತಿಕ್ರಿಯೆ: ಬೆಳಗಿನ ಜಾವ ಕೃಷಿ ಹೊಂಡದ ಮೀನು ಮೇಲೆ ಬರುವುದು

ನಿಮ್ಮ ಮೀನು ಹೀಗೆ ಮೇಲೆ ಬರುವುದಕ್ಕೆ ರೋಗಕ್ಕಿಂತ ನೀರಿನಲ್ಲಿ ಆಮ್ಲಜನಕದ ಕೊರತೆಯೇ ಕಾರಣ ಇರಬೇಕು. ನೀರು ಕಡು ಹಸಿರು, ಮೋಡದ ಮರುದಿನ ಬೆಳಗಿನ ಜಾವ ಕಾಟ್ಲಾ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ, ಬಿಸಿಲೇರಿದರೆ ಸರಿಹೋಗುತ್ತವೆ ಅಂದಿದ್ದೀರಿ. ನಮ್ಮ ಹೊಂಡದಲ್ಲೂ ಥೇಟ್ ಹೀಗೇ ಆಗಿತ್ತು.

ಪಾಚಿ ಹಗಲು ಬಿಸಿಲಿನಲ್ಲಿ ತನ್ನ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುತ್ತದೆ. ರಾತ್ರಿ ಅಡುಗೆ ಬಂದ್, ಉಸಿರಾಟ ಮಾತ್ರ ನಿಲ್ಲುವುದಿಲ್ಲ ಅಲ್ವಾ? ಪಾಚಿ, ಮೀನು, ಗೊಬ್ಬರವಾಗಿ ಹಾಕಿ ತಳ ಸೇರಿದ ಸಗಣಿಯನ್ನು ಕೊಳೆಸುವ ಬ್ಯಾಕ್ಟೀರಿಯಾ, ಎಲ್ಲವೂ ಅದೇ ಆಮ್ಲಜನಕ ಖರ್ಚು ಮಾಡುತ್ತವೆ. ಸೂರ್ಯ ಹುಟ್ಟುವ ಮುಂಚೆ ಅದು ತೀರಾ ಇಳಿದಿರುತ್ತದೆ. ಮೋಡವಿದ್ದರೆ ಹಗಲಿನ ಗಳಿಕೆಯೇ ಕಮ್ಮಿ.

ಇವತ್ತಿನಿಂದಲೇ ಸಗಣಿ, ಹಿಂಡಿ, ತೌಡು ನಿಲ್ಲಿಸಿ. ತಿನ್ನದೆ ಉಳಿದ ಹಿಂಡಿಯೂ ಕೊಳೆತು ಆಮ್ಲಜನಕ ತಿನ್ನುತ್ತದೆ. ಬೆಳಗಿನ ಜಾವ 3 ಗಂಟೆಗೆ ಮೋಟರ್ ಹಾಕಿ, ಹೊಂಡದ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿ, ಬಿಸಿಲು ಬರುವ ತನಕ. ಪೈಪಿನ ಬಾಯಿಗೆ ತೂತಿನ ಡಬ್ಬ ಕಟ್ಟಿದರೆ ಹನಿಹನಿಯಾಗಿ ಬೀಳುತ್ತದೆ, ಗಾಳಿ ಚೆನ್ನಾಗಿ ಬೆರೆಯುತ್ತದೆ. ಬೋರ್‌ವೆಲ್ ನೀರಾದರೂ ಸುಮ್ನೆ ಪೈಪ್ ಮುಳುಗಿಸಿ ಬಿಡಬೇಡಿ, ಅದರಲ್ಲಿ ಆಮ್ಲಜನಕ ಸಾಮಾನ್ಯವಾಗಿ ಕಡಿಮೆ.

ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ. ಕೈ ಇಳಿಸುವಾಗ ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಂತಾದರೆ ಪಾಚಿ ಜಾಸ್ತಿಯಿದೆ ಅಂತ. ಔಷಧಿ ಹಾಕಿ ಒಂದೇ ಸಲಕ್ಕೆ ಸಾಯಿಸಬೇಡಿ. ಸತ್ತ ಪಾಚಿ ಕೊಳೆಯುವಾಗ ಇರುವ ಆಮ್ಲಜನಕವೂ ಹೋಗುತ್ತದೆ.

ನೀರು ನೋಡದೆ ಖಡಾಖಂಡಿತ ಹೇಳಲಾರೆ. ಬೆಳಿಗ್ಗೆ 6ಕ್ಕೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಆಮ್ಲಜನಕ ಅಳೆಯಿರಿ. ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಇದೇ ಕಾರಣ. ಮಟಮಟ ಮಧ್ಯಾಹ್ನವೂ ಬಾಯಿ ಬಿಡುತ್ತಿದ್ದರೆ, ಮೈಮೇಲೆ ಗಾಯ ಕಂಡರೆ, ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.