ಹೇಸ್ಟಿಂಗ್ಸ್ ಯುದ್ಧ ಗೆದ್ದ ಮೇಲೂ ನಾರ್ಮನ್ನರಿಗೆ ಅಷ್ಟೊಂದು ಕೋಟೆಗಳು ಏಕೆ ಬೇಕಾದವು?

ಯುದ್ಧದಲ್ಲಿ ಗೆದ್ದವರಿಗೆ ಸೇನೆಯೇ ಸಾಲದಿತ್ತೇ ಎಂದು ಯಾರಿಗಾದರೂ ಅನಿಸಬಹುದು. ಸಾಲುತ್ತಿರಲಿಲ್ಲ, ಏಕೆಂದರೆ ಸೇನೆ ತೀರಾ ಚಿಕ್ಕದು. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ರಾಜ ಹೆರಾಲ್ಡ್ ಸತ್ತ, ಕ್ರಿಸ್‌ಮಸ್ ದಿನ ನಾರ್ಮನ್ನರ ನಾಯಕ, ಈಗಿನ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯ ಒಡೆಯ ವಿಲಿಯಂ ಇಂಗ್ಲೆಂಡಿನ ಕಿರೀಟ ಧರಿಸಿದ. ಆದರೆ ಅವನ ಜೊತೆ ಬಂದವರು ಕೆಲವೇ ಸಾವಿರ ಮಂದಿ. ಎದುರಿಗಿದ್ದದ್ದು ಭಾಷೆ ಬೇರೆಯಾದ, ಸುಮಾರು ಇಪ್ಪತ್ತು ಲಕ್ಷ ಜನರಿದ್ದ ನಾಡು. ಅತ್ತ ನಾರ್ಮಂಡಿಯನ್ನೂ ಕಾಯಬೇಕಿತ್ತು. 1067ರ ಮಾರ್ಚ್‌ನಲ್ಲೇ ವಿಲಿಯಂ ಸಮುದ್ರ ದಾಟಿ ಹಿಂತಿರುಗಿದ. ರಾಜ ಬೆನ್ನು ತಿರುಗಿಸಿದ ಕಡೆಯೆಲ್ಲ ಅವನ ಆಳ್ವಿಕೆ ಉಳಿಯಬೇಕಾದರೆ, ಬೆರಳೆಣಿಕೆಯ ಜನ ನಿಶ್ಚಿಂತೆಯಿಂದ ಮಲಗಿ ಏಳಬಹುದಾದ ಜಾಗ ಬೇಕಿತ್ತು.

ಆರಂಭದ ಕೋಟೆಗಳಲ್ಲಿ ಹೆಚ್ಚಿನವು ಮಣ್ಣು ಮತ್ತು ಮರದವು. ಕಂದಕ ತೋಡಿ, ಆ ಮಣ್ಣನ್ನೇ ಪೇರಿಸಿ ದಿಬ್ಬ ಮಾಡಿ, ಮೇಲೊಂದು ಮರದ ಗೋಪುರ ನಿಲ್ಲಿಸುತ್ತಿದ್ದರು. ಕೆಳಗೆ ಬೇಲಿ ಹಾಕಿದ ಅಂಗಳ, ಅದರಲ್ಲಿ ಕುದುರೆ ಲಾಯ, ಅಡುಗೆಮನೆ, ಉಗ್ರಾಣ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಗುಟ್ಟು ಆ ಲಾಯದಲ್ಲಿದೆ. ಒಳಗೆ ಅವಿತು ಕೂರುವುದಷ್ಟೇ ಕೋಟೆಯ ಕೆಲಸವಾಗಿರಲಿಲ್ಲ. ಕುದುರೆ ಸವಾರರು ಬೆಳಗ್ಗೆ ಹೊರಟು ಸುತ್ತಲಿನ ಹಳ್ಳಿಗಳನ್ನು, ದಾರಿಗಳನ್ನು, ನದಿ ದಾಟುವ ತಾಣಗಳನ್ನು ಗಸ್ತು ತಿರುಗಿ ಸಂಜೆಗೆ ಮರಳುತ್ತಿದ್ದರು. ತೆರಿಗೆ ಬಂದು ಸೇರುವುದೂ, ಬಂದಿಗಳನ್ನು ಕೂಡಿಹಾಕುವುದೂ ಅಲ್ಲಿಯೇ. ಇಂಗ್ಲೆಂಡಿನ ದಕ್ಷಿಣದ ಸಸೆಕ್ಸ್ ಕರಾವಳಿಯನ್ನು ಹೋಳುಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಒಡೆಯನನ್ನೂ ಒಂದು ಕೋಟೆಯನ್ನೂ ಇಟ್ಟದ್ದು ಇದೇ ಲೆಕ್ಕಾಚಾರದಿಂದ: ಹೇಸ್ಟಿಂಗ್ಸ್, ಪೆವೆನ್ಸಿ, ಲೂಯಿಸ್, ಬ್ರ್ಯಾಂಬರ್, ಅರಂಡೆಲ್. ನಾರ್ಮಂಡಿಗೆ ಹೋಗಿಬರುವ ದಾರಿ ಹೀಗೆ ಭದ್ರವಾಯಿತು.

ಇಂಗ್ಲಿಷರಿಗೂ ಕೋಟೆ ಗೊತ್ತಿತ್ತು. ಒಂಬತ್ತನೇ ಶತಮಾನದ ಆಲ್ಫ್ರೆಡ್ ರಾಜನ ಕಾಲದಿಂದ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ, ಸಮುದ್ರದ ಮೇಲಿಂದ ದಾಳಿಯಿಡುವ ವೈಕಿಂಗರು ಬಂದರೆ ಜನರೆಲ್ಲ ಒಳಗೆ ಸೇರುತ್ತಿದ್ದರು. ಆದರೆ ನಾರ್ಮನ್ ಕೋಟೆ ಒಬ್ಬ ಒಡೆಯನನ್ನೂ ಅವನ ಸೈನಿಕರನ್ನೂ ಕಾಯುತ್ತಿತ್ತು, ಅದೂ ಊರಿನ ಜನರಿಂದಲೇ. ಅಂಥ ಕೋಟೆಗಳು ಇಂಗ್ಲೆಂಡಿನಲ್ಲಿ ತೀರಾ ಕಡಿಮೆ ಇದ್ದುದರಿಂದಲೇ ಇಂಗ್ಲಿಷರು ಶೂರರಾದರೂ ದುರ್ಬಲರಾದರು ಎಂದು ಮುಂದಿನ ಶತಮಾನದ ಇತಿಹಾಸಕಾರ ಆರ್ಡೆರಿಕ್ ವಿಟಾಲಿಸ್ ಬರೆದ. ನನಗೆ ಈ ಮಾತು ಸರಿಯೆನಿಸುತ್ತದೆ. ಸೋತ ನಾಯಕ ಹಿಂದೆ ಸರಿದು ಮತ್ತೆ ಜನ ಕೂಡಿಸಲು ಅವರಿಗೆ ಆಸರೆಯೇ ಇರಲಿಲ್ಲ.

ಇದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಬಿಟ್ಟು ಈ ಕತೆ ಹೇಳಬಾರದು. ದಿಬ್ಬ ಎತ್ತರಿಸಿದ ಮಣ್ಣನ್ನು ಹೊತ್ತವರಲ್ಲಿ ಸ್ಥಳೀಯರೇ ಹೆಚ್ಚು. ವಿಲಿಯಂ ಇಲ್ಲದಾಗ ಆಳುತ್ತಿದ್ದ ಅವನ ಮಲತಮ್ಮ ಓಡೋ ಮತ್ತು ಆಪ್ತ ವಿಲಿಯಂ ಫಿಟ್ಸ್ಆಸ್ಬರ್ನ್ ನಾಡಿನುದ್ದಕ್ಕೂ ಕೋಟೆ ಕಟ್ಟಿಸಿ ಬಡವರನ್ನು ಹಿಂಸಿಸಿದರೆಂದು ಇಂಗ್ಲಿಷರೇ ವರ್ಷವಾರು ಬರೆದಿಟ್ಟ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತ ದಾಖಲಿಸಿದೆ. ಲಿಂಕನ್ ಪಟ್ಟಣದಲ್ಲಿ ಕೋಟೆಗಾಗಿ 166 ಮನೆಗಳು ಹೋದವು, ನಾರ್ವಿಚ್‌ನಲ್ಲಿ 98. ಕೋಟೆಯನ್ನು ಊರಾಚೆ ಕಟ್ಟದೆ ಊರೊಳಗೇ ಏಕೆ ಕಟ್ಟಿದರು ಎಂದರೆ, ವ್ಯಾಪಾರ, ಹಣ, ದಂಗೆ ಏಳಬಲ್ಲ ಜನ ಎಲ್ಲವೂ ಇದ್ದದ್ದು ಅಲ್ಲಿಯೇ.

ಹಾಗೆಂದು ಬರೀ ಕೋಟೆಗಳೇ ದೇಶವನ್ನು ಹಿಡಿದಿಟ್ಟವು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಉತ್ತರದ ಪಟ್ಟಣ ಯಾರ್ಕ್‌ನಲ್ಲಿ 1068ರಲ್ಲಿ ಒಂದು ಕೋಟೆ ಎದ್ದಿತು, ಮರುವರ್ಷದ ದಂಗೆಯ ನಂತರ ಇನ್ನೊಂದು. 1069ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ಡೇನರ ಹಡಗುಪಡೆ ಬಂಡುಕೋರರ ಜೊತೆ ಸೇರಿದಾಗ ಎರಡೂ ಬಿದ್ದವು, ಕಾವಲುಪಡೆಯ ಬಹುಪಾಲು ಜನ ಹತರಾದರು. ವಿಲಿಯಂ ಕೋಟೆಗಳನ್ನು ಮತ್ತೆ ಕಟ್ಟಿಸಿದನಾದರೂ ಅಷ್ಟಕ್ಕೇ ನಿಲ್ಲಲಿಲ್ಲ. ಆ ಚಳಿಗಾಲದಲ್ಲಿ ಉತ್ತರದ ಹಳ್ಳಿಗಳನ್ನು, ದವಸವನ್ನು, ದನಕರುಗಳನ್ನು ಅವನ ಸೈನಿಕರು ನಾಶಮಾಡಿದರು. ಜನ ಹಸಿವಿನಿಂದ ಸತ್ತರು. ವಿಲಿಯಂ ಮಾಡಿಸಿದ ಭೂಮಿ ಮತ್ತು ಆಸ್ತಿಯ ಲೆಕ್ಕವಾದ 1086ರ ಡೋಮ್ಸ್‌ಡೇ ದಾಖಲೆಯಲ್ಲಿ ಯಾರ್ಕ್‌ಶೈರ್‌ನ ಎಷ್ಟೋ ಹಳ್ಳಿಗಳನ್ನು ಇನ್ನೂ ಪಾಳುಭೂಮಿ ಎಂದೇ ಬರೆಯಲಾಗಿತ್ತು.