ಅರುವತ್ತೊಂದರಲ್ಲಿ ಜರ್ಮನ್ ಕಲಿಕೆ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

(ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: ಮ್ಯೂನಿಕ್‌ನಲ್ಲಿರುವ ಮಗನ ಮನೆಯಲ್ಲಿ ಕೆಲಕಾಲ ಇರಬೇಕೆಂದು 61ನೇ ವಯಸ್ಸಿನಲ್ಲಿ ಜರ್ಮನ್ ತರಗತಿ ಸೇರಿದ್ದೇನೆ. ಐದು ವರ್ಷದ ಮೊಮ್ಮಗಳು ಶಿಶುವಿಹಾರಕ್ಕೆ ಹೋಗತೊಡಗಿ ವರ್ಷ ತುಂಬುವುದರೊಳಗೆ ಸರಾಗವಾಗಿ ಮಾತನಾಡುತ್ತಾಳೆ, ನಾನು ತಡವರಿಸುತ್ತೇನೆ. ಈ ವಯಸ್ಸಿನಲ್ಲಿ ನಾಲಿಗೆ ಹೊರಳುವುದಿಲ್ಲವೆಂದು ಬೋಧಕರು ಹೇಳಿದರು. ಇದು ನಿಜವೇ? ಕಲಿಕೆ ಬಿಟ್ಟುಬಿಡಲೇ?)

ಮಾನ್ಯರೇ,

ದಯವಿಟ್ಟು ಬಿಡಬೇಡಿ. ಬೋಧಕರ ಮಾತು ಉಚ್ಚಾರಣೆಯ ಮಟ್ಟಿಗೆ ಸ್ವಲ್ಪ ನಿಜ, ಇಡೀ ಭಾಷೆಯ ಮಟ್ಟಿಗೆ ತಪ್ಪು. ವಯಸ್ಸು ಭಾಷೆಯ ಎಲ್ಲ ಅಂಗಗಳನ್ನೂ ಒಂದೇ ತೆರನಾಗಿ ಬಾಧಿಸುವುದಿಲ್ಲ.

ಧ್ವನಿಗಳ ವಿಷಯದಲ್ಲಿ ಬದಲಾವಣೆ ತೊಟ್ಟಿಲಲ್ಲೇ ಆರಂಭವಾಗುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮಾತನಾಡುವ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ಗಳ ವ್ಯತ್ಯಾಸವನ್ನು ಗುರುತಿಸಿದವು, ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಕೂಸುಗಳಿಗೆ ಅದು ಕೇಳಿಸದಾಯಿತು. ನಮ್ಮ ಮಕ್ಕಳ ಕಿವಿಗೆ ಎರಡೂ ದಿನವಿಡೀ ಬೀಳುವುದರಿಂದ ಆ ಭೇದ ಅವರಲ್ಲಿ ಉಳಿಯುತ್ತದೆ. ಕನ್ನಡದಲ್ಲಿ ಇಲ್ಲದ ಜರ್ಮನ್ ಸ್ವರಗಳು ನಿಮ್ಮನ್ನು ಕಾಡುವುದು ಇದೇ ಕಾರಣಕ್ಕೆ. ನಿಮ್ಮ ಪಕ್ಕದಲ್ಲಿ ಕುಳಿತ ಇಪ್ಪತ್ತೈದರ ಯುವಕನನ್ನೂ ಅವು ಕಾಡುತ್ತವೆ.

ವ್ಯಾಕರಣದ ಮಾತು ಬೇರೆ. ಭಾಷೆಯನ್ನು ಸಹಜವಾಗಿ ಮೈಗೂಡಿಸಿಕೊಳ್ಳುವ ಅವಧಿ ಹರೆಯದ ಹೊತ್ತಿಗೆ ಮುಗಿಯುತ್ತದೆಂಬ ವಾದವನ್ನು ಎರಿಕ್ ಲೆನೆಬರ್ಗ್ 1967ರಲ್ಲಿ ವಿಸ್ತಾರವಾಗಿ ಮಂಡಿಸಿದರು. 1989ರಲ್ಲಿ ಜಾಕ್ವೆಲಿನ್ ಜಾನ್ಸನ್ ಮತ್ತು ಎಲಿಸಾ ನ್ಯೂಪೋರ್ಟ್, ಅಮೆರಿಕಕ್ಕೆ ಬಂದು ನೆಲೆಸಿದ್ದ 46 ಮಂದಿ ಚೀನೀ ಮತ್ತು ಕೊರಿಯನ್ ಭಾಷಿಕರನ್ನು ಪರೀಕ್ಷಿಸಿದಾಗ, ಏಳು ವರ್ಷಕ್ಕೆ ಮೊದಲೇ ಬಂದವರ ಇಂಗ್ಲಿಷ್ ವ್ಯಾಕರಣಜ್ಞಾನ ಅಲ್ಲಿ ಹುಟ್ಟಿ ಬೆಳೆದವರಷ್ಟೇ ಚೆನ್ನಾಗಿತ್ತು, ತಡವಾಗಿ ಬಂದಷ್ಟೂ ಅದು ಕುಗ್ಗಿತ್ತು. ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಆಧರಿಸಿದ 2018ರ ಅಧ್ಯಯನವೊಂದು ಈ ಸಾಮರ್ಥ್ಯ ಹದಿನೇಳರವರೆಗೂ ಉಳಿದಿರುತ್ತದೆಂದಿತು. ಅದರ ಲೆಕ್ಕಾಚಾರದ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಇವೆಲ್ಲ ಅಳೆದದ್ದು ಕೊನೆಗೆ ತಲುಪಿದ ಎತ್ತರವನ್ನು, ಸ್ಥಳೀಯರಂತೆಯೇ ಆದರೋ ಇಲ್ಲವೋ ಎಂಬುದನ್ನು. ನಿಮಗೆ ಬೇಕಾಗಿರುವುದು ಬೇಕರಿಯಲ್ಲಿ, ಬಸ್ಸಿನಲ್ಲಿ, ವೈದ್ಯರ ಬಳಿ ಯಾರ ನೆರವೂ ಇಲ್ಲದೆ ಮಾತನಾಡುವ ಶಕ್ತಿ.

ಕಲಿಕೆಯ ವೇಗವನ್ನು ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ನೆದರ್ಲೆಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್ನಾಗೆಲ್-ಹೋಲೆ ಗಮನಿಸಿ 1978ರಲ್ಲಿ ವರದಿ ಮಾಡಿದರು: ಮೊದಲ ತಿಂಗಳುಗಳಲ್ಲಿ ಮುಂದಿದ್ದವರು ಹನ್ನೆರಡರಿಂದ ಹದಿನೈದರ ಹುಡುಗರು ಮತ್ತು ವಯಸ್ಕರು, ಹಿಂದುಳಿದವರು ಮೂರರಿಂದ ಐದರ ಮಕ್ಕಳು. ತರಗತಿಯಲ್ಲಿ ಕೆಲವೇ ಗಂಟೆ ಕಲಿಯುವಾಗ ತಡವಾಗಿ ಆರಂಭಿಸಿದವರೇ ಮುಂದಿರುತ್ತಾರೆಂದು ಬಾರ್ಸಿಲೋನಾದ ಶಾಲೆಗಳಲ್ಲಿ ಕಾರ್ಮೆನ್ ಮುನ್ಯೋಸ್ ಅವರ ತಂಡವೂ ಕಂಡಿತು. ನಿಮ್ಮ ಮೊಮ್ಮಗಳಿಗೆ ಆಟ, ಊಟ, ಜಗಳವೆಲ್ಲ ಜರ್ಮನ್‌ನಲ್ಲೇ. ನಿಮಗೆ ವಾರಕ್ಕೆ ಕೆಲವು ಗಂಟೆಯ ಪಾಠ ಮಾತ್ರ. ಅದಲ್ಲದೆ ಐದು ವರ್ಷದ ಮಗುವಿಗೆ ಬೇಕಾದ ಪದಗಳೂ ಕಡಿಮೆ, ಅದರ ತಪ್ಪುಗಳನ್ನು ಯಾರೂ ಎಣಿಸುವುದಿಲ್ಲ. ಇಬ್ಬರ ಕಲಿಕೆಯನ್ನು ಹೋಲಿಸುವುದೇ ನ್ಯಾಯವಲ್ಲ.

ವಯಸ್ಸಾದಂತೆ ಹೊಸ ಪದ ನೆನಪಿನಲ್ಲಿ ನಿಲ್ಲಲು ಹೆಚ್ಚು ಸಮಯ ಬೇಕಾಗುತ್ತದೆ, ‘ಸ’, ‘ಫ’ಗಳಂಥ ಸಣ್ಣ ಧ್ವನಿಗಳು ಗದ್ದಲದಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದನ್ನು ನಾನು ಮರೆಮಾಚುವುದಿಲ್ಲ. ಹಾಗಾಗಿ ಒಂದೇ ದಿನ ಐವತ್ತು ಪದ ಬಾಯಿಪಾಠ ಮಾಡುವುದಕ್ಕಿಂತ ಕೆಲವೇ ಪದಗಳನ್ನು ದಿನ ಬಿಟ್ಟು ದಿನ, ಮತ್ತೆ ವಾರ ಬಿಟ್ಟು ನೆನಪಿಸಿಕೊಳ್ಳುವುದು ಒಳ್ಳೆಯದು. ಕೇಳುವ ಅಭ್ಯಾಸವನ್ನು ನಿಶ್ಶಬ್ದವಾದ ಕೋಣೆಯಲ್ಲಿ ಮಾಡಿ. ನಿಮ್ಮ ಕನ್ನಡವೂ ನೆರವಿಗೆ ಬರುತ್ತದೆ. ಜರ್ಮನ್‌ನ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದು ಇಂಗ್ಲಿಷರಿಗೆ ತೊಡಕು, ನಮಗೆ ಪರಿಚಿತ. ಏಳು ವಿಭಕ್ತಿಗಳನ್ನು ಮಕ್ಕಳಿಗೆ ಕಲಿಸಿದ ನೀವು ಅಲ್ಲಿನ ನಾಲ್ಕಕ್ಕೆ ಅಂಜಬೇಕಿಲ್ಲ. ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗವೆಂಬ ಲಿಂಗವ್ಯವಸ್ಥೆಯನ್ನು ಮಾತ್ರ ಪದದೊಂದಿಗೇ ಕಲಿಯಬೇಕು.

ಇದೇ ಹಾದಿಯನ್ನು ಎದುರು ದಿಕ್ಕಿನಿಂದ ನಡೆದವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ, ಲೆನೆಬರ್ಗ್ ಹೇಳಿದ ಗಡಿ ದಾಟಿದ ಮೇಲೆಯೇ ಕರ್ನಾಟಕಕ್ಕೆ ಬಂದು ಕನ್ನಡ ಕಲಿತರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಇಪ್ಪತ್ತೊಂದಕ್ಕೂ ಅರುವತ್ತೊಂದಕ್ಕೂ ಅಂತರವಿದೆ, ಒಪ್ಪುತ್ತೇನೆ. ಆದರೆ ಪದಸಂಪತ್ತಿಗೆ ಅಂಥ ಗಡಿಯಿಲ್ಲವೆಂಬುದಕ್ಕೆ ಆ ನಿಘಂಟಿಗಿಂತ ದೊಡ್ಡ ಸಾಕ್ಷಿ ನಮ್ಮ ನಾಡಿನಲ್ಲಿಲ್ಲ.

ನೀವು ಕೇಳದ ಒಂದು ವಿಷಯ ನನ್ನನ್ನು ಹೆಚ್ಚು ಕಳವಳಗೊಳಿಸುತ್ತದೆ. ಸಹಜವಾಗಿ ಕಲಿಯುವ ಎಳೆಯ ಮಿದುಳು ಬೇಗ ಮರೆಯುವುದೂ ಉಂಟು. ಮೂರರಿಂದ ಎಂಟರೊಳಗೆ ಫ್ರಾನ್ಸಿಗೆ ದತ್ತು ಹೋದ ಕೊರಿಯದ ಮಕ್ಕಳನ್ನು, ಅವರು ದೊಡ್ಡವರಾದ ಮೇಲೆ, ಕ್ರಿಸ್ಟೋಫ್ ಪ್ಯಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು: ಕೊರಿಯನ್ ವಾಕ್ಯಗಳನ್ನು ಬೇರೆ ಅಪರಿಚಿತ ಭಾಷೆಗಳಿಂದ ಬೇರ್ಪಡಿಸಿ ಗುರುತಿಸಲು ಕೂಡ ಅವರಿಗೆ ಆಗಲಿಲ್ಲ. ನಿಮ್ಮ ಮೊಮ್ಮಗಳ ಮನೆಯಲ್ಲಿ ಕನ್ನಡವಿರುವುದರಿಂದ ಅಷ್ಟು ಪೂರ್ತಿ ಅಳಿಯಲಾರದು. ಆದರೂ ಜರ್ಮನ್ ಶಾಲೆ ಆರಂಭವಾದ ಮೇಲೆ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರಿಸುವುದು ಶುರುವಾಗಬಹುದು. ನಿಮ್ಮ ಜರ್ಮನ್ ಅಭ್ಯಾಸಕ್ಕೆ ಮ್ಯೂನಿಕ್‌ನ ನೆರೆಹೊರೆಯವರೂ ಅಂಗಡಿಯವರೂ ಇದ್ದಾರೆ. ಮೊಮ್ಮಗಳೊಡನೆ, ಫೋನಿನಲ್ಲಾಗಲಿ ಎದುರಿನಲ್ಲಾಗಲಿ, ಅವಳು ಯಾವ ಭಾಷೆಯಲ್ಲಿ ಉತ್ತರಿಸಿದರೂ ನೀವು ಕನ್ನಡದಲ್ಲೇ ಮಾತನಾಡಿ.

— ಸಂಪಾದಕ